ಚೀಟಿಯಲ್ಲಿ ಖಾಲಿ ಬಿಟ್ಟ ಸಾಲು

ಬಿ.ಎಸ್ಸಿ. ಸಸ್ಯಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆ ಮುಗಿದ ವಾರದಲ್ಲಿ ನಮ್ಮ ಬಹುತೇಕ ಕಾಲೇಜುಗಳ ಹಿತ್ತಲಲ್ಲಿ ಒಂದು ರಾಶಿ ಬೀಳುತ್ತದೆ. ದಪ್ಪನೆಯ ಬಿಳಿ ಹಾಳೆ, ಅದರ ಮೇಲೆ ಟೇಪು ಹಾಕಿ ಅಂಟಿಸಿದ ಒಣ ತುಂಬೆ, ನಿತ್ಯಪುಷ್ಪ, ಪಾರ್ಥೇನಿಯಂ, ದಾಸವಾಳ. ಐದೋ ಹತ್ತೋ ಅಂಕಕ್ಕೆ ಮಾಡಿದ್ದು. ಅದರಲ್ಲಿ ಅರ್ಧ ಸೀನಿಯರ್‌ಗಳಿಂದ ಬಳುವಳಿಯಾಗಿ ಬಂದದ್ದು, ಚೀಟಿ ಮಾತ್ರ ಹೊಸದು. ಅಂಕ ಬಿದ್ದ ಮೇಲೆ ರಾಶಿಗೆ ಬೆಂಕಿ, ಇಲ್ಲವೇ ಗೆದ್ದಲು.

ಈ ಕಾಟಾಚಾರ ನೋಡಿ ರೋಸಿಹೋದವರು ಹರ್ಬೇರಿಯಂ ಹಾಳೆ ಮಾಡಿಸುವುದನ್ನೇ ನಿಲ್ಲಿಸಿ, ಮೊಬೈಲಿನಲ್ಲಿ ಫೋಟೋ ತೆಗೆಸಿದರೆ ಸಾಕು ಎನ್ನುತ್ತಾರೆ. ಇನ್ನು ಕೆಲವರು, ಅದೆಲ್ಲ ಬೆಂಗಳೂರು, ಕೊಯಮತ್ತೂರು, ಹೌರಾದ ದೊಡ್ಡ ಸಂಸ್ಥೆಗಳ ಕೆಲಸ, ತಾಲ್ಲೂಕಿನ ಕಾಲೇಜಿಗೆ ಏಕೆ ಎನ್ನುತ್ತಾರೆ. ಎರಡೂ ಮಾತು ತಪ್ಪು ಎಂದು ನನ್ನ ವಾದ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕುಗಳ ಕಾಡುಗಿಡದ ಹಾಳೆಗಳು ಆ ತಾಲ್ಲೂಕುಗಳಲ್ಲೇ ಇರಬೇಕು. ಅವುಗಳ ಚೀಟಿಯಲ್ಲಿ ಗಿಡದ ಊರಿನ ಹೆಸರು, ಅದನ್ನು ಹೇಳಿದವರ ನುಡಿ ಇರಬೇಕು. ಅದಿಲ್ಲದ ಹಾಳೆ ಅರ್ಧ ಹಾಳೆ.

ಸಾಹಿತ್ಯದ ಓದುಗರಿಗೆ ಹರ್ಬೇರಿಯಂ ಎಂದರೆ ಏನೆಂದು ಎರಡು ಮಾತು. ಗಿಡವನ್ನು ಬೇರು, ಎಲೆ, ಹೂವು, ಸಾಧ್ಯವಾದರೆ ಕಾಯಿಯ ಸಮೇತ ತಂದು, ಒತ್ತಿ ಒಣಗಿಸಿ, ಸುಮಾರು 42 ಸೆಂಟಿಮೀಟರ್ ಉದ್ದ, 28 ಸೆಂಟಿಮೀಟರ್ ಅಗಲದ ಹಾಳೆಗೆ ಹೊಲಿದು ಅಂಟಿಸುತ್ತಾರೆ. ಕೆಳಗೆ ಬಲಮೂಲೆಯಲ್ಲಿ ಚೀಟಿ: ಶಾಸ್ತ್ರೀಯ ಹೆಸರು, ಸಿಕ್ಕ ಜಾಗ, ತಾರೀಕು, ತಂದವರು, ಅವರ ಕ್ರಮಸಂಖ್ಯೆ. ಹುಳು ತಿನ್ನದಂತೆ ಕಾದರೆ ಮುನ್ನೂರು ವರ್ಷವಾದರೂ ಬಾಳುತ್ತದೆ. ಜಗತ್ತಿನಲ್ಲಿ ಇಂಥ ಭಂಡಾರಗಳು ಸುಮಾರು 3,500 ಇವೆ, ಹಾಳೆಗಳು ಸುಮಾರು 40 ಕೋಟಿ. ಚೀಟಿಯ ನಮೂನೆಗಳಲ್ಲಿ 'ಸ್ಥಳೀಯ ಹೆಸರು' ಎಂಬ ಸಾಲೂ ಇರುತ್ತದೆ. ನಾನು ಕಂಡ ಚೀಟಿಗಳಲ್ಲಿ ಬಹುಪಾಲು ಆ ಸಾಲು ಖಾಲಿ.

ಲಿಲ್ಲಿಯ ಬಳಗದಂತೆ ಕಾಣುವ ಗಿಡಗಳನ್ನೇ ಹಿಡಿದು ಮಾತಾಡುತ್ತೇನೆ, ಏಕೆಂದರೆ ನಮ್ಮ ಉದಾಸೀನ ಅತಿ ಹೆಚ್ಚು ಬಯಲಾಗುವುದು ಅಲ್ಲಿ. ಶುದ್ಧ ಅರ್ಥದ ಲಿಲಿಯಂ ಕುಲದ ಗಿಡ ಈ ಸೀಮೆಯ ಕಾಡಿನಲ್ಲಿಲ್ಲ, ಅದನ್ನು ನೋಡಲು ನೀಲಗಿರಿಗೆ ಹೋಗಬೇಕು. ಆದರೆ ಹಳೆಯ ಸಸ್ಯಶಾಸ್ತ್ರ ಲಿಲಿಯೇಸಿ ಎಂಬ ಒಂದೇ ದೊಡ್ಡ ಪೆಟ್ಟಿಗೆಗೆ ತುಂಬಿದ್ದ ಗಿಡಗಳು ಇಲ್ಲಿ ಬೇಕಾದಷ್ಟಿವೆ. ಭಾದ್ರಪದದಲ್ಲಿ ಬೇಲಿ ಹತ್ತಿ ಕೆಂಪು ಹಳದಿಯಾಗಿ ಉರಿಯುವ ಗೌರಿ ಹೂವು, ಅದನ್ನೇ ಅಗ್ನಿಶಿಖೆ, ಕೋಳಿಕುಟುಮ ಎಂದೂ ಕರೆಯುತ್ತಾರೆ. ಬೇಸಿಗೆಯ ಬರಡು ನೆಲದಿಂದ ಎಲೆಯೇ ಇಲ್ಲದೆ ಉದ್ದನೆಯ ದಂಟು ಎತ್ತುವ ಕಾಡೀರುಳ್ಳಿ, ಕೆಲವರ ಬಾಯಲ್ಲಿ ನರಿ ಈರುಳ್ಳಿ. ಮೊದಲ ಮಳೆಗೆ ಬಿಳಿ ನಕ್ಷತ್ರದಂತೆ ಅರಳುವ ಕ್ಲೋರೊಫೈಟಂಗಳು. ಚುಕ್ಕೆ ಚುಕ್ಕೆ ಎಲೆಯ ಲೆಡೆಬೌರಿಯ. ಹುಲ್ಲಿನ ನಡುವೆ ಹುಡುಕಿದರಷ್ಟೇ ಸಿಗುವ, ಕಪ್ಪುಗೆಂಪು ಹೂವಿನ ಪುಟಾಣಿ ಇಫಿಜೀನಿಯ. ಜತೆಗೆ ಶತಾವರಿ. ನಮ್ಮ ಅಜ್ಜಿಯರು ಅದಕ್ಕೆ ಹಲವು ಮಕ್ಕಳ ತಾಯಿ ಬೇರು ಎಂದರು. ಒಂದು ಬುಡಕ್ಕೆ ಗೊಂಚಲಾಗಿ ಜೋತ ಗೆಡ್ಡೆಗಳನ್ನು ಕಂಡವರಿಗೆ ಆ ಹೆಸರು ಎಷ್ಟು ಕರಾರುವಾಕ್ಕು ಎಂದು ಗೊತ್ತು.

ಈ ಗಿಡಗಳು ಒಂದು ದಿನದ ಪ್ರವಾಸಕ್ಕೆ ಸಿಗುವ ಜಾತಿಯಲ್ಲ. ಕಾಡೀರುಳ್ಳಿ ಹೂಬಿಡುವಾಗ ಎಲೆ ಇರುವುದಿಲ್ಲ, ಎಲೆ ಬರುವ ಮಳೆಗಾಲದಲ್ಲಿ ಹೂವಿರುವುದಿಲ್ಲ. ಪೂರ್ತಿ ಹಾಳೆ ಬೇಕೆಂದರೆ ಒಂದೇ ಜಾಗಕ್ಕೆ ಎರಡು ಸಲ ಹೋಗಬೇಕು, ನಡುವೆ ಮೂರು ನಾಲ್ಕು ತಿಂಗಳು ಕಾಯಬೇಕು, ಆ ಜಾಗ ನೆನಪಿಟ್ಟಿರಬೇಕು. ಗೆಡ್ಡೆಯೋ, ಸಾಯಲು ಒಪ್ಪುವುದೇ ಇಲ್ಲ. ಒತ್ತುಹಲಗೆಯ ನಡುವೆ ಪತ್ರಿಕೆಯ ಕಾಗದದಲ್ಲಿ ಇಟ್ಟರೂ ಒಳಗಿನ ನೀರು ನಂಬಿಕೊಂಡು ಮೊಳಕೆ ಒಡೆಯುತ್ತದೆ. ಸೀಳಬೇಕು, ಕುದಿಯುವ ನೀರಿನಲ್ಲಿ ಅದ್ದಬೇಕು, ದಿನವೂ ಕಾಗದ ಬದಲಿಸಬೇಕು. ಗೌರಿ ಹೂವಿನ ಬೆಂಕಿಯ ಬಣ್ಣ ಒಣಗುವಾಗ ಮಾಸಿ ಕಂದಾಗುತ್ತದೆ, ಆದ್ದರಿಂದ ಬಣ್ಣವನ್ನು ಅಲ್ಲೇ ನಿಂತು ಮಾತಿನಲ್ಲಿ ಬರೆದುಕೊಳ್ಳಬೇಕು. ಯಾವ ಕೆಂಪು, ಎಲ್ಲಿಂದ ಹಳದಿ, ಅಂಚು ಎಷ್ಟು ಅಲೆಯಾಗಿದೆ ಎಂದು. ನಮ್ಮ ಬರವಣಿಗೆಯ ತರಗತಿಗಳು ಇದಕ್ಕಿಂತ ಒಳ್ಳೆಯ ಅಭ್ಯಾಸ ಕೊಡುತ್ತವೆ ಎಂದು ನನಗೆ ಅನ್ನಿಸಿಲ್ಲ.

ಫೋಟೋ ಸಾಕು ಎನ್ನುವವರಿಗೆ ಇಲ್ಲೇ ಉತ್ತರವಿದೆ. ಕ್ಲೋರೊಫೈಟಂ ಪ್ರಭೇದಗಳ ಹೂಗಳು ಫೋಟೋದಲ್ಲಿ ಅಣ್ಣತಮ್ಮಂದಿರಂತೆ ಕಾಣುತ್ತವೆ, ಅದೇ ಆರು ಬಿಳಿ ಎಸಳು. ಬೇರಿನ ಗೆಡ್ಡೆ ಬುಡದಲ್ಲಿದೆಯೋ ತುದಿಯಲ್ಲಿದೆಯೋ, ಕಾಯಿಯ ಆಕಾರ ಹೇಗೆ ಎಂದು ನೋಡದೆ ಎಷ್ಟೋ ಸಲ ಬೇರೆ ಮಾಡಲಾಗುವುದಿಲ್ಲ. ಫೋಟೋದಿಂದ ಅಂಡಾಶಯ ಸೀಳಿ ನೋಡಲಾಗದು, ಡಿಎನ್‌ಎ ತೆಗೆಯಲಾಗದು. ನೂರು ವರ್ಷದ ಹಾಳೆಯಿಂದ ತೆಗೆಯಬಹುದು. ಅಮೆರಿಕದ ಬಾಸ್ಟನ್ನಿನಲ್ಲಿ, ಆರ್ನಲ್ಡ್ ಅರ್ಬೊರೇಟಮ್ ತೋಟದಲ್ಲಿ ಇಂದಿಗೂ ಬದುಕಿರುವ ಗಿಡಗಳನ್ನು ಅವುಗಳದೇ ಹಳೆಯ ಹಾಳೆಗಳ ತಾರೀಕಿನೊಂದಿಗೆ ಹೋಲಿಸಿ, ಹೂಬಿಡುವ ಕಾಲ ಸುಮಾರು 8 ದಿನ ಹಿಂದಕ್ಕೆ ಸರಿದಿದೆ ಎಂದು 2004ರಲ್ಲಿ ತೋರಿಸಿದರು. ಹಾಳೆ ಮಾಡಿದವರ ತಲೆಯಲ್ಲಿ ಹವಾಮಾನ ಬದಲಾವಣೆ ಎಂಬ ಮಾತೇ ಇರಲಿಲ್ಲ. ಅದೇ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ 2024ರಲ್ಲಿ, 8 ಲಕ್ಷಕ್ಕೂ ಹೆಚ್ಚು ಹಾಳೆಗಳಿದ್ದ ತನ್ನ ಹರ್ಬೇರಿಯಂ ಮುಚ್ಚುವುದಾಗಿ ಹೇಳಿತು. ಸಿರಿವಂತರ ಮನೆಯಲ್ಲೂ ದಡ್ಡತನಕ್ಕೆ ಬರವಿಲ್ಲ ಎನ್ನುವುದಕ್ಕೆ ಹೇಳಿದೆ, ನಾವು ಅನುಸರಿಸಲಿ ಎಂದಲ್ಲ.

ಈಗ ಹೆಸರಿನ ವಿಷಯ. ಸ್ಥಳೀಯ ಹೆಸರು ನಂಬಿಕೆಗೆ ಅರ್ಹವಲ್ಲ, ಊರಿಗೊಂದು ಬದಲಾಗುತ್ತದೆ, ಶಾಸ್ತ್ರೀಯ ಹೆಸರು ಮಾತ್ರ ಸ್ಥಿರ ಎಂದು ತರಗತಿಯಲ್ಲಿ ಹೇಳಿಕೊಡುತ್ತಾರೆ. ಕಾಡೀರುಳ್ಳಿಯ ಜಾತಕ ನೋಡಿ. ರಾಕ್ಸ್‌ಬರ್ಗ್ ಅದನ್ನು ಸಿಲ್ಲಾ ಇಂಡಿಕಾ ಎಂದ. ಕುಂತ್ ಬಂದು ಅರ್ಜಿನಿಯ ಇಂಡಿಕಾ ಮಾಡಿದ. 1977ರಲ್ಲಿ ಜೆಸಪ್ ಅದನ್ನು ಡ್ರಿಮಿಯ ಇಂಡಿಕಾ ಎಂದು ಸಾಗಿಸಿದ. ಕುಟುಂಬವೂ ಹಾಗೆಯೇ: 1998ರ ನಂತರ ವಂಶವಾಹಿ ಆಧಾರದ ಹೊಸ ವರ್ಗೀಕರಣ ಲಿಲಿಯೇಸಿ ಪೆಟ್ಟಿಗೆಯನ್ನು ಒಡೆದು ಹಾಕಿತು. ಗೌರಿ ಹೂವು ಮತ್ತು ಇಫಿಜೀನಿಯ ಒಂದು ಮನೆಗೆ ಹೋದವು, ಕಾಡೀರುಳ್ಳಿ, ಶತಾವರಿ, ಕ್ಲೋರೊಫೈಟಂ ಇನ್ನೊಂದು ಮನೆಗೆ. ಅಷ್ಟೂ ಕಾಲ ಕಾಡೀರುಳ್ಳಿ ಕಾಡೀರುಳ್ಳಿಯಾಗಿಯೇ ಇತ್ತು. ವಿಜ್ಞಾನ ಹೆಸರು ಬದಲಿಸುವುದು ತಪ್ಪಲ್ಲ, ತಿಳಿವಳಿಕೆ ಬೆಳೆದಂತೆ ಬದಲಿಸಲೇಬೇಕು. ಆದರೆ ಹರ್ಬೇರಿಯಂನಲ್ಲಿ ಒಂದು ಸುಂದರ ಶಿಸ್ತಿದೆ: ಹಳೆಯ ಹೆಸರನ್ನು ಯಾರೂ ಹೊಡೆದು ಹಾಕುವುದಿಲ್ಲ. ಹೊಸದಾಗಿ ಗುರುತಿಸಿದವರು ಪಕ್ಕದಲ್ಲಿ ಇನ್ನೊಂದು ಪುಟ್ಟ ಚೀಟಿ ಅಂಟಿಸಿ, ಸಹಿ ಹಾಕಿ, ತಾರೀಕು ಬರೆಯುತ್ತಾರೆ. ಇನ್ನೂರು ವರ್ಷದ ಲ್ಯಾಟಿನ್ ಭಿನ್ನಾಭಿಪ್ರಾಯಕ್ಕೆಲ್ಲ ಜಾಗವಿರುವ ಹಾಳೆಯಲ್ಲಿ 'ನರಿ ಈರುಳ್ಳಿ' ಎಂಬ ಐದು ಅಕ್ಷರಕ್ಕೆ ಜಾಗ ಸಿಗಲಿಲ್ಲವೇ?

ಇದು ಆಧುನಿಕತೆಯ ಬೇಡಿಕೆ ಎಂದು ಹೇಳಬೇಡಿ. ಡಚ್ಚರ ಮಲಬಾರ್ ಆಳಿದ ವಾನ್ ರೀಡ್ 1678ರಿಂದ 1693ರ ನಡುವೆ ಹೊರಬಂದ 12 ಸಂಪುಟಗಳ ಹೋರ್ಟಸ್ ಮಲಬಾರಿಕಸ್ ಮಾಡಿಸಿದ. ಅದರ ಚಿತ್ರಪಟಗಳ ಮೇಲೆ ಗಿಡದ ಹೆಸರನ್ನು ರೋಮನ್ ಲಿಪಿಯ ಜತೆಗೆ ಮಲಯಾಳಂ, ಅರಬ್ಬಿ, ನಾಗರಿ ಲಿಪಿಗಳಲ್ಲೂ ಕೆತ್ತಿಸಿದ. ಗೌರಿ ಹೂವು ಅಲ್ಲಿ ಮೇಂದೋನ್ನಿ. ಮಾಹಿತಿ ಕೊಟ್ಟ ವೈದ್ಯ ಇಟ್ಟಿ ಅಚ್ಚುದನ್, ಕೊಂಕಣಿಯ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರ ಹೆಸರುಗಳೂ ಪುಸ್ತಕದಲ್ಲಿವೆ. ವಸಾಹತಿನ ವ್ಯಾಪಾರಿ ಮಾಡಿದ್ದನ್ನು ಸ್ವತಂತ್ರ ದೇಶದ ಕನ್ನಡ ನಾಡಿನ ಕಾಲೇಜು ಮಾಡುತ್ತಿಲ್ಲ.

ನಮ್ಮ ಕಡೆ ನಡೆದದ್ದು ಬೇರೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು ಸೀಮೆ ಸುತ್ತಿದ. ಪಿರಿಯಾಪಟ್ಟಣವನ್ನೂ ಹಾದು ಹೋದ, ಅದನ್ನು 'ಪ್ರಿಯ ಪಟ್ಟಣ' ಎಂದು ಬರೆದುಕೊಂಡ. ಅದೇ ಕಾಲದಲ್ಲಿ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ, ಮೆಕೆಂಜಿಯ ಮೈಸೂರು ಸರ್ವೆಯಲ್ಲಿದ್ದ ಬೆಂಜಮಿನ್ ಹೈನ್ ಗಿಡಗಳನ್ನು ಕೂಡಿಹಾಕಿದ. ಅವು ಯುರೋಪಿಗೆ ಹೋದವು. ಭಾರತಕ್ಕೆ ಕಾಲೇ ಇಡದ ಜರ್ಮನ್ ವೈದ್ಯ ರಾತ್, ಹೈನ್ ಸಂಗ್ರಹವನ್ನಿಟ್ಟುಕೊಂಡು 1821ರಲ್ಲಿ ಪುಸ್ತಕ ಮಾಡಿದ, ಅದರಲ್ಲಿ ಲೆಡೆಬೌರಿಯ ಎಂಬ ಕುಲಕ್ಕೆ ಹೆಸರಿಟ್ಟ. ಲೆಡೆಬೌರ್ ಎಂದರೆ ಸೈಬೀರಿಯಾ ಕಡೆಯ ಗಿಡಗಳನ್ನು ಅಭ್ಯಾಸ ಮಾಡಿದ ಪ್ರೊಫೆಸರ್. ನಮ್ಮ ಹೊಲದ ಬದುವಿನಲ್ಲಿ ಮುಂಗಾರಿಗೆ ತಲೆಯೆತ್ತುವ ಚುಕ್ಕೆ ಎಲೆ ಇವತ್ತು ಹೊತ್ತಿರುವುದು ಹಿಮದ ನಾಡನ್ನು ಸುತ್ತಿದವನ ಹೆಸರನ್ನು. ರಾತ್ ಮೇಲೆ ನನಗೆ ಸಿಟ್ಟಿಲ್ಲ, ಅವನ ಮೇಜಿನ ಮೇಲಿದ್ದ ಹಾಳೆಯಲ್ಲಿ ಬೇರೆ ಹೆಸರು ಇಲ್ಲದಿದ್ದರೆ ಪಾಪ ಅವನೇನು ಮಾಡಿಯಾನು.

ಜಾಗದ ಸಾಲಿನ ಕತೆಯೂ ಹೀಗೆಯೇ. ಹಳೆಯ ಚೀಟಿಗಳಲ್ಲಿ 'ಮೈಸೂರು' ಎಂದಿದ್ದರೆ ಅದು ಚಿತ್ರದುರ್ಗವೂ ಆಗಬಹುದು, ಗುಂಡ್ಲುಪೇಟೆಯೂ ಆಗಬಹುದು, ಇಡೀ ಸಂಸ್ಥಾನವೇ ಮೈಸೂರು. ಆರ್. ರಾಘವೇಂದ್ರ ರಾವ್ ಮತ್ತು ಬಿ.ಎ. ರಜಿ 1981ರಲ್ಲಿ ಹೊರತಂದ ಮೈಸೂರು ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ ಇವತ್ತಿಗೂ ನಮಗೆ ಆಧಾರ, ಆದರೆ ಅದರ 'ಮೈಸೂರು ಜಿಲ್ಲೆ'ಯೊಳಗೆ 1997ರಲ್ಲಿ ಬೇರೆಯಾದ ಚಾಮರಾಜನಗರವೂ ಇದೆ. ಕೆ.ಆರ್. ನಗರ ಹಿಂದೆ ಎಡತೊರೆ. ಖೆಡ್ಡಾಕ್ಕೆ ಹೆಸರಾದ, ಮಾಸ್ತಿಯವರ ನಾಟಕಕ್ಕೆ ಹೆಸರು ಕೊಟ್ಟ ಕಾಕನಕೋಟೆಯ ಹೊಳೆದಂಡೆಯ ಮೇಲೆ ಈಗ ನಿಂತಿರುವುದು ಕಬಿನಿಯ ಹಿನ್ನೀರು. ಬೀಚನಹಳ್ಳಿಯ ಅಣೆಕಟ್ಟು 1974ರದು. ಆ ದಂಡೆಯಲ್ಲಿ ಯಾವ ಗೆಡ್ಡೆಗಿಡ ಹೂಬಿಡುತ್ತಿತ್ತು ಎಂದು ಹೇಳಬಲ್ಲದ್ದು ಅದಕ್ಕಿಂತ ಹಿಂದಿನ ಹಾಳೆಗಳು ಮಾತ್ರ, ಅದೂ ಚೀಟಿಯಲ್ಲಿ ಹಳ್ಳಿಯ ಹೆಸರು ಬರೆದಿದ್ದರೆ.

ಕನ್ನಡದ ಓದುಗರಾಗಿ ನಮಗೆ ಇದರಲ್ಲಿ ವಿಶೇಷ ನಾಚಿಕೆ ಇರಬೇಕು. ಬಿ.ಜಿ.ಎಲ್. ಸ್ವಾಮಿ 1976ರಲ್ಲಿ 'ಹಸುರು ಹೊನ್ನು' ಕೊಟ್ಟರು, 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದನ್ನು ಓದದ ಸಾಹಿತ್ಯಾಸಕ್ತರಿಲ್ಲ. ವಿದ್ಯಾರ್ಥಿಗಳ ತಂಟೆ, ಸ್ವಾಮಿಯವರ ತುಂಟತನ, ಅವರೇ ಬರೆದ ಚಿತ್ರ ಎಲ್ಲ ನಮಗೆ ಬಾಯಿಪಾಠ. ಆ ಪ್ರವಾಸ ಗಿಡ ಹುಡುಕುವ, ಗುರುತಿಸುವ, ಕೂಡಿಡುವ ಕೆಲಸದ ಪ್ರವಾಸ ಎಂಬುದನ್ನು ಮಾತ್ರ ನಗುತ್ತ ಮರೆತೆವು. ಸೆಮಿನಾರುಗಳಲ್ಲಿ ಸ್ವಾಮಿಯವರ ಹಾಸ್ಯಪ್ರಜ್ಞೆಯ ಮೇಲೆ ಪ್ರಬಂಧಗಳು ಬರುತ್ತವೆ. ಅವರಂತೆ ಒಂದು ಗಿಡದ ಕನ್ನಡ ಹೆಸರಿಗಾಗಿ ಒಂದು ಮಧ್ಯಾಹ್ನ ಕಳೆದ ಕನ್ನಡ ಎಂ.ಎ. ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ಸಸ್ಯಶಾಸ್ತ್ರ ವಿಭಾಗ ಕನ್ನಡ ತಮಗೆ ಸಂಬಂಧಿಸಿದ್ದಲ್ಲ ಎನ್ನುತ್ತದೆ, ಕನ್ನಡ ವಿಭಾಗ ಗಿಡ ತಮಗೆ ಸಂಬಂಧಿಸಿದ್ದಲ್ಲ ಎನ್ನುತ್ತದೆ. ಎರಡೂ ಒಂದೇ ಕಾರಿಡಾರಿನಲ್ಲಿ ಇರುತ್ತವೆ.

ಕನ್ನಡ ಹೆಸರು ಎಂದಾಗಲೂ ಎಚ್ಚರ ಬೇಕು. ಎಚ್.ಡಿ. ಕೋಟೆ, ಹುಣಸೂರಿನ ಹಾಡಿಗಳಲ್ಲಿ ಜೇನುಕುರುಬರು, ಕಾಡುಕುರುಬರು, ಯರವರು ಇದ್ದಾರೆ, ಅವರ ನುಡಿಗಳು ಅವರವೇ. ಗೆಡ್ಡೆಗೆಣಸಿನ ವಿಷಯದಲ್ಲಿ ಪಟ್ಟಣದ ಕನ್ನಡಕ್ಕೆ ಹತ್ತು ಪದವಿದ್ದರೆ ಅವರಲ್ಲಿ ಅದಕ್ಕಿಂತ ಹೆಚ್ಚಿರುವುದು ಸಹಜ, ಏಕೆಂದರೆ ಅವರು ಅಗೆದು ತಿಂದು ಬದುಕಿದವರು. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, ಆಮೇಲೆ ರಾಷ್ಟ್ರೀಯ ಉದ್ಯಾನವಾಯಿತು, ಹುಲಿ ಯೋಜನೆಗೂ ಸೇರಿತು. ಎಷ್ಟೋ ಕುಟುಂಬಗಳನ್ನು ಕಾಡಿನಿಂದ ಹೊರಗೆ, ಹುಣಸೂರು ತಾಲ್ಲೂಕಿನ ನಾಗಾಪುರದಂಥ ಕಡೆ ತಂದು ಕೂರಿಸಿದರು. ಗಿಡ ಒಳಗುಳಿಯಿತು, ಹೆಸರು ಬಲ್ಲವರು ಹೊರಗೆ ಬಂದರು. ಕಾಡೊಳಗೆ ಗಿಡ ಕೀಳಲು ಸಂಶೋಧಕನಿಗೆ ಅನುಮತಿ ಪತ್ರ ಸಿಗುತ್ತದೆ. ಅವನ ಚೀಟಿಯಲ್ಲಿ 'ಒಣ ಎಲೆಯುದುರುವ ಕಾಡು' ಎಂದಿರುತ್ತದೆ, ಆ ಕಾಡಿನಲ್ಲಿ ಯಾವ ಹಾಡಿ ಇತ್ತು ಎಂದಿರುವುದಿಲ್ಲ. ನುಡಿ ಯಾವುದು, ಹೇಳಿದ್ದು ಯಾವ ಹಾಡಿಯವರು ಎಂದು ಬರೆಯುವುದು ಉಪಕಾರವಲ್ಲ, ತಂದವರ ಹೆಸರಿಗೆ ಎಷ್ಟು ಜಾಗವೋ ಅಷ್ಟೇ ಜಾಗ ಅದಕ್ಕೂ ಸಲ್ಲಬೇಕು. ಒಪ್ಪಿದರೆ ಹೇಳಿದವರ ಹೆಸರನ್ನೇ ಬರೆಯಿರಿ, ಒಪ್ಪದಿದ್ದರೆ ಬೇಡ.

ಇಲ್ಲಿ ಬರುವ ಒಂದು ಆಕ್ಷೇಪಕ್ಕೆ ತೂಕವಿದೆ. ಗೌರಿ ಹೂವಿನ ಗೆಡ್ಡೆ, ಬೀಜಗಳಲ್ಲಿ ಕಾಲ್ಚಿಸಿನ್ ಇದೆ. ಗೌಟ್ ಎಂಬ ಕೀಲುನೋವಿಗೆ ಮದ್ದು, ಸ್ವಲ್ಪ ಹೆಚ್ಚಾದರೆ ವಿಷ. ತಮಿಳುನಾಡಿನಲ್ಲಿ ಅದನ್ನು ಬೀಜಕ್ಕಾಗಿ ಹೊಲದಲ್ಲೇ ಬೆಳೆಯುತ್ತಾರೆ. ಹೆಸರು, ಉಪಯೋಗ, ಜಾಗ ಮೂರನ್ನೂ ಬರೆದಿಟ್ಟರೆ ಗೆಡ್ಡೆ ಅಗೆಯುವ ವ್ಯಾಪಾರಿಗೆ ನಕ್ಷೆ ಕೊಟ್ಟಂತಲ್ಲವೇ? ಹೌದು, ಆ ಭಯ ಸುಳ್ಳಲ್ಲ. ಅದಕ್ಕೆ ನಾನು ಹೇಳುವುದು: ಕರಾರುವಾಕ್ಕಾದ ಜಾಗವನ್ನು ಬೀರುವಿನೊಳಗಿನ ಹಾಳೆಯಲ್ಲಿ ಬರೆಯಿರಿ, ಸಾರ್ವಜನಿಕ ಜಾಲತಾಣದಲ್ಲಿ ತಾಲ್ಲೂಕಿನ ಹೆಸರಷ್ಟೇ ಇರಲಿ. ಮದ್ದಿನ ವಿವರವನ್ನು ಹೇಳಿದವರ ಒಪ್ಪಿಗೆಯಿಲ್ಲದೆ ಬರೆಯಲೇಬೇಡಿ. ಆದರೆ ಹೆಸರನ್ನು ಮುಚ್ಚಿಡಲು ಇದು ನೆಪವಾಗಬಾರದು. ಕಾಡೀರುಳ್ಳಿ ಎಂದು ಬರೆದರೆ ಯಾವ ಕಂಪನಿಯೂ ಶ್ರೀಮಂತವಾಗುವುದಿಲ್ಲ.

ಗಿಡ ಕೀಳುವುದೇ ಪಾಪ ಎನ್ನುವವರ ಮಾತಿಗೆ ಅಷ್ಟು ತೂಕವಿಲ್ಲ. ಇಪ್ಪತ್ತು ಗಿಡ ಕಂಡಲ್ಲಿ ಒಂದು, ಅದಕ್ಕಿಂತ ಕಡಿಮೆ ಇದ್ದರೆ ಮುಟ್ಟಬೇಡ ಎಂಬುದು ಸಂಗ್ರಾಹಕರ ಹಳೆಯ ನಿಯಮ, ಅದನ್ನು ಪಾಲಿಸಿದರೆ ಸಾಕು. ಸಸ್ಯಶಾಸ್ತ್ರಜ್ಞರ ಸಂಕೇತಪಟ್ಟಿಯಲ್ಲಿ ಜೆಸಿಬಿ ಎಂದರೆ ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಫಾದರ್ ಸಲ್ಡಾನಾ ಬೆಳೆಸಿದ, ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಹರ್ಬೇರಿಯಂ. ನಮ್ಮ ಊರಲ್ಲಿ ಜೆಸಿಬಿ ಎಂದರೆ ಬೇರೆಯೇ. ಆ ಎರಡನೆಯ ಜೆಸಿಬಿ ಒಂದು ಬೆಳಗಿನಲ್ಲಿ ಒಂದು ಎಕರೆ ಕುರುಚಲನ್ನು ಮಟ್ಟ ಮಾಡುವಾಗ ಎಷ್ಟು ಗೆಡ್ಡೆ ಮೇಲೆ ಬರುತ್ತದೆಂದು ಲೆಕ್ಕ ಹಾಕಿ, ಆಮೇಲೆ ವಿದ್ಯಾರ್ಥಿಯ ಕೈಯ ಕುರ್ಪಿಗೆ ಬನ್ನಿ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬ್ಯಾರನ್‌ಗಳು ಸೌದೆಯಲ್ಲಿ ಉರಿಯುತ್ತವೆ. ಆ ಸೌದೆ ಎಲ್ಲಿಂದಲೋ ಬರುತ್ತದೆ. ಹೊಗೆಸೊಪ್ಪಿನ ಪ್ರತಿ ಬೇಲಿಗೂ ಹರಾಜು ಕಟ್ಟೆಯಲ್ಲಿ ಚೀಟಿ ಇದೆ, ಬೆಳೆದವರು ಯಾರು, ಯಾವ ದರ್ಜೆ ಎಂದು ಗೊತ್ತಾಗುತ್ತದೆ. ಚೀಟಿ ಬರೆಯಲು ನಮಗೆ ಬರುವುದಿಲ್ಲ ಎಂದೇನಲ್ಲ.

ಎಲ್ಲಕ್ಕಿಂತ ವಿಚಿತ್ರ ಇದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿ ಮಟ್ಟದಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ಮಾಡಬೇಕು. ಅದರ ನಮೂನೆಯಲ್ಲಿ ಸ್ಥಳೀಯ ಹೆಸರಿಗೆ ಕಲಂ ಇದೆ. ಆದರೆ ಆ ಹೆಸರಿನ ಗಿಡ ಯಾವುದು ಎಂದು ತೋರಿಸುವ ಹಾಳೆ ಇಲ್ಲ. 'ಕಾಡೀರುಳ್ಳಿ' ಎಂದು ಬರೆದದ್ದು ಡ್ರಿಮಿಯವೋ ಲೆಡೆಬೌರಿಯವೋ ಇನ್ನೊಂದೋ, ಮೂವತ್ತು ವರ್ಷದ ಮೇಲೆ ಓದುವವರಿಗೆ ತಿಳಿಯುವುದು ಹೇಗೆ? ಹರ್ಬೇರಿಯಂನಲ್ಲಿ ಗಿಡವಿದೆ, ಊರಿನ ಹೆಸರಿಲ್ಲ. ಪಂಚಾಯಿತಿಯಲ್ಲಿ ಹೆಸರಿದೆ, ಗಿಡವಿಲ್ಲ. ಎರಡು ಬೀರುಗಳ ನಡುವೆ ಬಸ್ಸಿನಲ್ಲಿ ಹೋದರೆ ಒಂದು ದಿನದ ದಾರಿ. ನಡುವೆ ನಿಂತು ಜೋಡಿಸಬಲ್ಲದ್ದು ತಾಲ್ಲೂಕಿನ ಪದವಿ ಕಾಲೇಜು ಮಾತ್ರ. ಅದರ ಮಕ್ಕಳು ಅದೇ ಹಳ್ಳಿ, ಅದೇ ಹಾಡಿಗಳಿಂದ ಬರುತ್ತಾರೆ. ಬೆಟ್ಟದಪುರದ ಬಂಡೆಯ ಸಂದಿಯಲ್ಲಿ ಏಪ್ರಿಲ್‌ನಲ್ಲಿ ಹೂದಂಟು ಕಂಡ ಹುಡುಗಿ ಜುಲೈನಲ್ಲಿ ಎಲೆ ತರಲು ಬೆಂಗಳೂರಿನಿಂದ ಅನುದಾನ ಕೇಳಬೇಕಾಗಿಲ್ಲ, ಅವಳ ಮನೆ ಅಲ್ಲೇ ಇದೆ.

ಖರ್ಚಿನ ಮಾತು ಎತ್ತುವವರಿಗೆ: ಬೇಕಾಗಿರುವುದು ಎರಡು ಉಕ್ಕಿನ ಬೀರು, ನುಸಿಗುಳಿಗೆ, ದಪ್ಪ ಹಾಳೆ, ದಾಖಲೆ ಪುಸ್ತಕ, ಮತ್ತು ಕೀಲಿ ಕಳೆಯದ ಒಬ್ಬ ಅಟೆಂಡರ್. ಪ್ರತಿ ಗಿಡಕ್ಕೆ ಎರಡು ಹಾಳೆ ಮಾಡಿಸಿ, ಒಂದು ಊರಲ್ಲಿ ಉಳಿಯಲಿ, ಇನ್ನೊಂದನ್ನು ದೊಡ್ಡ ಹರ್ಬೇರಿಯಂಗೆ ಕಳಿಸಿ ಗುರುತು ಖಚಿತ ಮಾಡಿಸಿಕೊಳ್ಳಿ. ವಿದ್ಯಾರ್ಥಿಗೆ ಇಪ್ಪತ್ತೈದು ದಾಸವಾಳ, ತುಂಬೆಯ ಬದಲು ಮೂರೇ ಹಾಳೆ ಕೇಳಿ, ವರ್ಷಪೂರ್ತಿ ಸಮಯ ಕೊಡಿ. ಹತ್ತು ಅಂಕದಲ್ಲಿ ನಾಲ್ಕನ್ನು ಆ ಒಂದು ಸಾಲಿಗೆ ಇಡಿ: ಊರಿನಲ್ಲಿ ಏನೆನ್ನುತ್ತಾರೆ, ಯಾವ ನುಡಿಯಲ್ಲಿ, ಹೇಳಿದ್ದು ಯಾವ ಹಳ್ಳಿ ಅಥವಾ ಹಾಡಿಯವರು. ಕೇಳಿದರೂ ಯಾರಿಗೂ ಗೊತ್ತಿರಲಿಲ್ಲ ಎಂದಾದರೆ ಅದನ್ನೇ, ತಾರೀಕು ಸಮೇತ ಬರೆಯಲಿ. ಸಾಲು ಖಾಲಿ ಬಿಟ್ಟ ಹಾಳೆಯನ್ನು ಅಂಕ ಹಾಕದೆ ವಾಪಸ್ ಕೊಡಿ.